ಬಸವನ ನೆರೆಯಲ್ಲಿ ಲೂಕನ ಹೋರಿ

ಜನರು ಚಿತ್ರಗಳನ್ನು ಆರಾಧಿಸುತ್ತಿದ್ದಾರೆಂದು ಮಾರ್ಸೇಯ ಧರ್ಮಾಧ್ಯಕ್ಷ ಸೆರೆನುಸರು ಅವನ್ನು ಒಡೆಸಿಹಾಕಿದಾಗ, ಜಗದ್ಗುರು ಮಹಾ ಗ್ರೆಗೊರಿಯವರು 600ರಲ್ಲಿ ಅವರಿಗೆ ಬರೆದ ಪತ್ರ ನಮಗೆಲ್ಲ ಪರಿಚಿತ. ಅಕ್ಷರ ಬಾರದವರು ಗ್ರಂಥದಲ್ಲಿ ಓದಲಾಗದ್ದನ್ನು ಚಿತ್ರದಲ್ಲಿ ಓದುತ್ತಾರೆ ಎಂಬುದು ಅದರ ತಿರುಳು. ಧರ್ಮೋಪದೇಶಕ್ಕೆ ಚಿತ್ರ ಸಿದ್ಧಪಡಿಸುವವರು ಈ ಮಾತನ್ನು ಧಾರಾಳವಾಗಿ ನೆನೆಯುತ್ತಾರೆ. ಆದರೆ ಚಿತ್ರವನ್ನು ಓದುವುದಕ್ಕೂ ಒಂದು ಅಕ್ಷರಾಭ್ಯಾಸ ಬೇಕು; ಅದು ಊರಿಂದೂರಿಗೆ ಬೇರೆ.

ಲೂಕನ ಹೋರಿಯನ್ನೇ ತೆಗೆದುಕೊಳ್ಳೋಣ. ಯೆಹೆಜ್ಕೇಲನ ಮೊದಲ ಅಧ್ಯಾಯದಲ್ಲೂ ಪ್ರಕಟನೆ ಗ್ರಂಥದ ನಾಲ್ಕನೆಯ ಅಧ್ಯಾಯದಲ್ಲೂ ಬರುವ ನಾಲ್ಕು ಜೀವಿಗಳ ಮುಖಗಳಲ್ಲಿ ನಾಲ್ಕು ಶುಭಸಂದೇಶಗಳನ್ನು ಕಂಡವರು ಎರಡನೆಯ ಶತಮಾನದ ಸಂತ ಇರೆನೇಯುಸರು. ಅವರಲ್ಲಿ ಸಿಂಹ ಯೊವಾನ್ನನದು, ಹದ್ದು ಮಾರ್ಕನದು. ಸಂತ ಅಗಸ್ಟೀನರು ಸಿಂಹವನ್ನು ಮತ್ತಾಯನಿಗೆ ಕೊಟ್ಟರು. ಇಂದು ರೂಢಿಯಲ್ಲಿರುವುದು ಸಂತ ಜೆರೋಮರ ಹಂಚಿಕೆ. ಉಳಿದವು ಹೀಗೆ ಕೈ ಬದಲಿಸಿದರೂ ಹೋರಿ ಮಾತ್ರ ಈ ಮೂವರಲ್ಲೂ ಲೂಕನನ್ನು ಬಿಡಲಿಲ್ಲ. ಇರೆನೇಯುಸರು ಕೊಡುವ ಕಾರಣ: ಲೂಕನ ಶುಭಸಂದೇಶ ಯಾಜಕ ಜಕರೀಯನಿಂದ ಆರಂಭವಾಗುತ್ತದೆ, ಕಳೆದುಹೋದ ಕಿರಿಯ ಮಗ ಸಿಕ್ಕಾಗ ಕೊಯ್ಯುವ ಕೊಬ್ಬಿದ ಕರು ಅದರಲ್ಲಿದೆ. (ಜಕರೀಯನು ಅಂದು ಅರ್ಪಿಸಿದ್ದು ಧೂಪವನ್ನೇ ಹೊರತು ಕರುವನ್ನಲ್ಲ, ಅದಿರಲಿ.) ಅಂತೂ ಈ ಪ್ರಾಣಿ ಬಲಿಪಶು.

ಇದನ್ನು ಹಳೆಯ ಬೆಂಗಳೂರಿಗೆ ತಂದು ನಿಲ್ಲಿಸಿ ನೋಡಬೇಕು. ಚಾಮರಾಜಪೇಟೆಯಲ್ಲಿ ಸಂತ ಲೂಕನ ಹೆಸರಿನ ದೇವಾಲಯವಿದೆ. ಪಕ್ಕದ ಬಡಾವಣೆ ಬಸವನಗುಡಿ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆನ್ನುವ ಅಲ್ಲಿನ ಗುಡಿಯಲ್ಲಿ ಸುಮಾರು 15 ಅಡಿ ಎತ್ತರದ ಏಕಶಿಲಾ ನಂದಿ ಮಲಗಿದ್ದಾನೆ. ಕಾರ್ತಿಕದ ಕೊನೆಯ ಸೋಮವಾರದ ಪರಿಷೆಯಲ್ಲಿ ರೈತರು ಹೊಸ ಕಡಲೆಕಾಯಿಯನ್ನು ಅವನಿಗೆ ಒಪ್ಪಿಸುತ್ತಾರೆ. ಇಲ್ಲಿ ಬಸವನು ಅರ್ಪಣೆಯನ್ನು ಸ್ವೀಕರಿಸುವವನು, ತಾನೇ ಅರ್ಪಣೆಯಾಗುವವನಲ್ಲ. ‘ಬಸವ’ ಎಂಬುದು ‘ವೃಷಭ’ದ ತದ್ಭವ, ಬಸವಣ್ಣನವರನ್ನು ನಂದಿಯ ಅವತಾರವೆಂದೇ ಭೀಮಕವಿಯ ಬಸವಪುರಾಣ (1369) ಕಾಣುತ್ತದೆ.

ಇಲ್ಲಿ ಬೆಳೆದ ಮಗು, ಕ್ರೈಸ್ತ ಮನೆಯದಾದರೂ, ಸಂತನೊಬ್ಬನ ಬಳಿ ಹೋರಿಯನ್ನು ಕಂಡರೆ ಅದನ್ನು ವಾಹನವೆಂದು ಓದುವುದು ಸಹಜ. ಆ ಓದು ಅರ್ಧ ಸರಿ: ಇಲಿಯಿಂದ ಗಣೇಶನನ್ನೂ ನವಿಲಿನಿಂದ ಸುಬ್ರಹ್ಮಣ್ಯನನ್ನೂ ಗುರುತಿಸುವಂತೆ ಹೋರಿಯಿಂದ ಲೂಕನನ್ನು ಗುರುತಿಸಬಹುದು. ಆದರೆ ಬಲಿಯ ಅರ್ಥ ಅಲ್ಲಿ ಪೂರ್ತಿ ಕಳೆದುಹೋಗುತ್ತದೆ, ನನ್ನ ದೃಷ್ಟಿಯಲ್ಲಿ ಅದು ಸಣ್ಣ ನಷ್ಟವಲ್ಲ. ಯೊವಾನ್ನನ ಹದ್ದು ಗರುಡನೆದುರು, ಮಾರ್ಕನ ಸಿಂಹ ದುರ್ಗೆಯ ಸಿಂಹದೆದುರು ಇದೇ ಇಕ್ಕಟ್ಟಿಗೆ ಸಿಲುಕುತ್ತವೆ. ಮತ್ತಾಯನ ಮನುಷ್ಯನಿಗೂ ಕುಬೇರನ ನರವಾಹನ ಪೈಪೋಟಿಗೆ ಇದೆ!

ಚಿತ್ರ ತಾನಾಗಿ ಮಾತಾಡದು ಎಂಬುದು ಹಿಂದಿನವರಿಗೆ ತಿಳಿದಿತ್ತು. ಸುಮಾರು 700ರ ಲಿಂಡಿಸ್ಫಾರ್ನ್ ಶುಭಸಂದೇಶ ಗ್ರಂಥದಲ್ಲಿ ಲೂಕನ ಪ್ರಭಾವಳಿಯ ಮೇಲೆ ರೆಕ್ಕೆಯುಳ್ಳ ಕರುವನ್ನು ಬರೆದು, ಅದು ‘ಕರುವಿನ ರೂಪ’ವೆಂದು ಲ್ಯಾಟಿನಿನಲ್ಲಿ ಹೆಸರನ್ನೂ ಬರೆದಿದ್ದಾರೆ. ರೆಕ್ಕೆಯಿರುವ ಪ್ರಾಣಿ ಹೊಲದ್ದಲ್ಲ, ದರ್ಶನದ್ದು. ನಮ್ಮ ಪಾಠಚಿತ್ರಗಳಲ್ಲಿ ಮೊದಲು ಬಿಟ್ಟುಹೋಗುವುದು ಈ ರೆಕ್ಕೆಯೇ.

ಕನ್ನಡದಲ್ಲಿ ಕರು, ಹೋರಿ, ಎತ್ತು, ಗೂಳಿ, ಬಸವ ಎಲ್ಲವೂ ಬೇರೆ ಬೇರೆ. ಚಿತ್ರಕಾರನಿಗೆ ‘ಲೂಕನ ಎತ್ತು’ ಎಂದು ಹೇಳಿದರೆ ಅವನು ನೊಗ ಹೊರುವ, ಬೀಜ ಒಡೆದ ಪ್ರಾಣಿಯನ್ನು ಬರೆಯುತ್ತಾನೆ. ಯಾಜಕಕಾಂಡದ 22ನೆಯ ಅಧ್ಯಾಯದ ಪ್ರಕಾರ ಅಂಥದ್ದು ಬಲಿಪೀಠಕ್ಕೆ ಸಲ್ಲದು. ‘ಕರು’ ಎನ್ನಬೇಕು, ಅದನ್ನು ಸಂತನ ಕಾಲ ಬಳಿಯಲ್ಲ, ಮಗನು ಮರಳಿದ ಆ ಮನೆಯ ಅಂಗಳದಲ್ಲಿ ನಿಲ್ಲಿಸಬೇಕು. ಚಿತ್ರವನ್ನು ತೋರಿಸುವ ಮುನ್ನ ಲೂಕನ 15ನೆಯ ಅಧ್ಯಾಯವನ್ನು ಮಕ್ಕಳಿಗೆ ಓದಿ ಹೇಳಬೇಕು.