ಹಂದಿಗೊಂದು ವಸತಿ

ಮುಳಗುಂದವೆಂದೊಡನೆ ಸಾಹಿತ್ಯಾಭ್ಯಾಸಿಗಳಿಗೆ 1112ರ ಸುಮಾರಿನಲ್ಲಿ ‘ಧರ್ಮಾಮೃತ’ವನ್ನು ರಚಿಸಿದ ನಯಸೇನನ ನೆನಪಾಗುತ್ತದೆ. ಅವನಿಗೂ ಎರಡು ನೂರು ವರ್ಷ ಹಿಂದೆ, ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದ ಶಕ 824ರ (ಕ್ರಿ.ಶ. 902-03) ಶಾಸನವೊಂದು, ಚಿಕಾರ್ಯನೆಂಬ ವೈಶ್ಯನು ಇಲ್ಲಿ ಜಿನಾಲಯ ಕಟ್ಟಿಸಿದುದನ್ನು ಹೇಳುತ್ತದೆ. ಇಂಥ ಆಲಯಕ್ಕೆ ನಮ್ಮವರಿಟ್ಟ ಹೆಸರು ‘ಬಸದಿ’. ಅದು ‘ವಸತಿ’ ಶಬ್ದದ ತದ್ಭವ. ಇರಲು ನೆಲೆ ಕೊಡುವುದು ಜೈನರಲ್ಲಿ ಮಹಾದಾನ.

ಆ ದಾನಕ್ಕೆ ಶಾಸ್ತ್ರಕಾರರು ಕೊಟ್ಟ ದೃಷ್ಟಾಂತ ಯಾರದು ಬಲ್ಲಿರಾ? ಅರಸನದಲ್ಲ, ಸೆಟ್ಟಿಯದಲ್ಲ; ಹಂದಿಯದು! ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ನಾಲ್ಕು ಬಗೆಯ ದಾನಗಳಿಗೆ ನಾಲ್ಕು ಹೆಸರುಗಳಿವೆ, ಕೊನೆಯದು ಸೂಕರ. ಗವಿಯಲ್ಲಿದ್ದ ಮುನಿಗಳನ್ನು ತಿನ್ನಲು ಹುಲಿ ಬಂದಿತು. ಹಂದಿ ಬಾಗಿಲಿಗೆ ಅಡ್ಡ ನಿಂತು ಕಾದಿತು. ಎರಡೂ ಮಡಿದವು. ಹಂದಿಗೆ ಸ್ವರ್ಗ, ಹುಲಿಗೆ ನರಕ ಎಂದು ಕಥೆ.

ಈ ಕಥೆ ಹೇಳಿದಾಗ ತರಗತಿಯ ಹುಡುಗರು ನಗುತ್ತಾರೆ. ಒಮ್ಮೆ ಒಬ್ಬ ಮಾತ್ರ ನಗದೆ ತಲೆ ತಗ್ಗಿಸಿದ. ಅವನ ಮನೆಯವರು ಹಂದಿ ಸಾಕುವವರು.

ಬಾದಾಮಿ ಚಾಲುಕ್ಯರ ಲಾಂಛನ ವರಾಹ. ಹೊನ್ನಿನ ನಾಣ್ಯಕ್ಕೂ ಅದೇ ಹೆಸರು ನಿಂತಿತು. ಬಾವುಟದಲ್ಲಿ ಪೂಜ್ಯವಾದುದು ಬೀದಿಯಲ್ಲಿ ಹೇಸಿಗೆಯಾದುದೇಕೆ? ನೆಲೆಯಿಲ್ಲದುದರಿಂದ. ಹಂದಿಗೆ ನಮ್ಮಂತೆ ಮೈ ಬೆವರುವುದಿಲ್ಲ. ಬಿಸಿಲಿಗೆ ನೆರಳು, ನೀರು ಕಾಣದಾಗ ಅದು ಕೆಸರಿನಲ್ಲಿ ಹೊರಳುತ್ತದೆ. ಸ್ಥಳವಿದ್ದರೆ ಮಲಗುವ ಮೂಲೆ ಬಿಟ್ಟು ಬೇರೆ ಮೂಲೆಯಲ್ಲಿಯೇ ಮಲ ವಿಸರ್ಜಿಸುತ್ತದೆ.

ಸಣ್ಣ ಹಿತ್ತಲಲ್ಲಿ ಸಾಕುವವರು ಮರಿ ತರುವ ಮೊದಲೇ ದೊಡ್ಡಿ ಕಟ್ಟಬೇಕು. ಈಯುವ ಹಂದಿಗೆ ಮಾಡಿನ ಕೆಳಗೆ 7ರಿಂದ 9 ಚದರ ಮೀಟರ್ ಜಾಗ ಬೇಕು. ನೆಲ ಗಟ್ಟಿಯಾಗಿರಲಿ, ಜಾರದಿರಲಿ, ನೀರು ಹರಿಯುವಂತೆ ಇಳಿಜಾರಾಗಿರಲಿ. ಕುಡಿಯಲು ಕಲ್ಲುಬಾನಿ ಸಾಕು. ಗರ್ಭದ ಅವಧಿ ಸುಮಾರು 114 ದಿನ. ತಾಯಿ ಮಲಗುವಾಗ ಮರಿಗಳು ನುಗ್ಗಾಗದಂತೆ ಗೋಡೆಯ ಬುಡದಲ್ಲಿ, ನೆಲದಿಂದ ಗೇಣೆತ್ತರಕ್ಕೆ, ಅಡ್ಡಗಳ ಹಾಕಬೇಕು. ಮುಸುರೆಯನ್ನು ಚೆನ್ನಾಗಿ ಕುದಿಸಿ ಹಾಕಬೇಕು. 2020ರಲ್ಲಿ ಅಸ್ಸಾಮಿನಲ್ಲಿ ಕಾಣಿಸಿಕೊಂಡ ಆಫ್ರಿಕನ್ ಹಂದಿಜ್ವರ ಕುದಿಸದ ಮುಸುರೆಯಿಂದಲೂ ಹರಡಬಲ್ಲುದು. ಬಯಲಿನ ಮಲ ತಿಂದ ಹಂದಿಯಿಂದ ಲಾಡಿಹುಳು ಮನುಷ್ಯನಿಗೆ ತಗಲುತ್ತದೆ; ಅದರ ಮರಿಹುಳು ಮಿದುಳಿಗೇರಿದರೆ ಫಿಟ್ಸು ಬರುವುದುಂಟು. ಆದುದರಿಂದ ದೊಡ್ಡಿ ಹಂದಿಗಷ್ಟೇ ಅಲ್ಲ, ಊರಿಗೂ ಕಾವಲು.

ಕೊಲ್ಲಲು ಸಾಕುವ ಪ್ರಾಣಿಗೆ ಜೈನ ದೃಷ್ಟಾಂತವೇ ಎಂದು ಯಾರಾದರೂ ಕೇಳಬಹುದು. ಕೇಳತಕ್ಕ ಮಾತೇ. ಆದರೂ ಬದುಕಿರುವಷ್ಟು ದಿನ ನೆಲೆ ಕೊಡುವುದು ಸಾಕಿದವನ ಋಣವಲ್ಲವೇ? ಆ ಹುಡುಗನ ಮನೆಗೆ ಹಿತ್ತಲೇ ಇರಲಿಲ್ಲ. ವಸತಿದಾನಕ್ಕೆ ಹೆಸರಾದ ಪ್ರಾಣಿಗೂ ಅದನ್ನು ನಂಬಿದವರಿಗೂ ಊರು ಒಂದಿಷ್ಟು ನೆಲ ತೋರಿಸಲಿ. ಆ ಮೇಲೆ ಹೇಸಿಗೆಯ ಮಾತನಾಡೋಣ.