ಹಿಂದಿನ ಅಚ್ಚಿನ ಸದ್ದು

ಇತಿಹಾಸವೆಂದರೆ ನಾವು ರಾಜರನ್ನೂ ಯುದ್ಧಗಳನ್ನೂ ಓದುತ್ತೇವೆ. ಗಾಡಿಯ ಅಚ್ಚು ಏಕೆ ಸದ್ದು ಮಾಡುತ್ತಿದೆಯೆಂದು ಕಿವಿಯಿಂದಲೇ ಪತ್ತೆಹಚ್ಚಿದವರ ಬಗ್ಗೆ ನಮ್ಮ ಪುಸ್ತಕಗಳಲ್ಲಿ ಒಂದು ಸಾಲು ಸಿಗುವುದೂ ಕಷ್ಟ. ತುಮಕೂರು ಸೀಮೆಯ ಬದುಕಾದರೋ ಬಹುಕಾಲ ಆ ಕಿವಿಗಳನ್ನೇ ನಂಬಿತ್ತು.

ಗುಬ್ಬಿಗೆ 1880ರ ದಶಕದಲ್ಲೇ ರೈಲು ಬಂತು. ಕುಣಿಗಲ್‌ನವರು ಮಾತ್ರ ಬೆಂಗಳೂರು-ಹಾಸನ ರೈಲುಮಾರ್ಗ 2017ರಲ್ಲಿ ಪೂರ್ಣಗೊಳ್ಳುವವರೆಗೆ ರಸ್ತೆಯನ್ನೇ ನೆಚ್ಚಿಕೊಂಡಿದ್ದರು. ಮೊದಲು ಹಳ್ಳಿಕಾರ್ ಎತ್ತಿನ ಗಾಡಿ, ಬಳಿಕ ಬಸ್ಸು, ಲಾರಿ. ಗಾಡಿಯ ಅಚ್ಚು ಕಿರುಗುಟ್ಟಿದರೆ ಕೀಲೆಣ್ಣೆ ಹಾಕಬೇಕು. ಹಾಕಿದರೂ ನಿಲ್ಲದಿದ್ದರೆ ಗಾಲಿಯ ನಡುವಿನ ಗುಂಬ ಸವೆದಿದೆ. ಅಲ್ಲಿಗೆ ಪರೀಕ್ಷೆ ಮುಗಿಯಿತು. ಎತ್ತಿನ ಗಾಡಿಯಲ್ಲಿ ಎರಡು ಗಾಲಿಗಳೂ ಅಲುಗದ ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ತಿರುಗುತ್ತವೆ.

ಮೋಟಾರಿನಲ್ಲಿ ಹಾಗಲ್ಲ. ಇಂಜಿನ್ನಿನ ಬಲ ಎರಡೂ ಹಿಂಗಾಲಿಗಳಿಗೆ ಹೋಗಬೇಕು, ತಿರುವಿನಲ್ಲಿ ಹೊರಬದಿಯ ಗಾಲಿ ಹೆಚ್ಚು ಸುತ್ತಬೇಕು. ಇದಕ್ಕೆ ಬೇಕಾದ ಡಿಫರೆನ್ಷಿಯಲ್ಲನ್ನು ಫ್ರಾನ್ಸಿನ ಒನೆಸಿಫೋರ್ ಪೆಕರ್ 1820ರ ದಶಕದಲ್ಲಿ ಉಗಿಗಾಡಿಗಾಗಿ ರೂಪಿಸಿದ. ನೂರು ವರ್ಷಗಳ ಬಳಿಕ ಅಮೆರಿಕದ ಪ್ಯಾಕರ್ಡ್ ಕಾರಿಗೆ ಹೈಪಾಯ್ಡ್ ಹಲ್ಲುಗಳು ಬಂದವು. ಜಾರುತ್ತ ಕಚ್ಚುವ ಈ ಹಲ್ಲುಗಳು ಹೆಚ್ಚು ಸದ್ದಿಲ್ಲದೆ ಓಡುತ್ತವೆ. ಜಾರುವುದರಿಂದಲೇ ಅವಕ್ಕೆ ಪ್ರತ್ಯೇಕ ಗೇರ್ ಆಯಿಲ್ ಬೇಕು. ಉಳಿತಾಯವೆಂದು ಇಂಜಿನ್ ಆಯಿಲ್ ಸುರಿದರೆ ಹಲ್ಲು ಉಜ್ಜಿಹೋಗುತ್ತದೆ.

ಗ್ಯಾರೇಜಿನ ಉಸ್ತಾದರು ಇದನ್ನು ಕಾಲೇಜಿನಲ್ಲಿ ಕಲಿತವರಲ್ಲ. ಸ್ಪ್ಯಾನರ್ ಎತ್ತಿಕೊಡುವ ಹುಡುಗರಾಗಿ ಸೇರಿ, ಗಾಡಿಯಡಿ ಮಲಗಿ ಕಲಿತವರು. ಕಲಿಯುವ ಹುಡುಗ ಯಾವ ಮತದವನೇ ಆಗಲಿ, ಕಲಿಸಿದವನನ್ನು ಉಸ್ತಾದ್ ಎಂದು ಕರೆಯುವ ರೂಢಿ ಅನೇಕ ಗ್ಯಾರೇಜುಗಳಲ್ಲಿದೆ.

ಅವರ ಕ್ರಮ ಹೀಗೆ. ಮೊದಲು ಗಾಡಿ ಓಡಿಸಿ ಕೇಳಬೇಕು. ಎಕ್ಸಿಲರೇಟರ್ ಒತ್ತಿದಾಗ ಗೋಳಿಟ್ಟು, ಬಿಟ್ಟೊಡನೆ ದನಿ ಬದಲಾದರೆ ಕ್ರೌನ್-ಪಿನಿಯನ್ ಮೇಲೆ ಅನುಮಾನ. ನೇರ ರಸ್ತೆಯಲ್ಲಿ ಸುಮ್ಮನಿದ್ದು ತಿರುವಿನಲ್ಲಷ್ಟೇ ಗರಗರ ಎಂದರೆ ಡಿಫರೆನ್ಷಿಯಲ್ಲಿನ ಒಳಗಿರುವ ಚಿಕ್ಕ ಹಲ್ಲುಗಾಲಿಗಳನ್ನು ನೋಡಬೇಕು. ಎಡಕ್ಕೆ ಹೊರಳಿದಾಗ ಭಾರ ಬಲಗಾಲಿಗೆ ಬಿದ್ದು ಗುಂಯ್‌ಗುಟ್ಟುವಿಕೆ ಹೆಚ್ಚಿದರೆ ಬಹುಪಾಲು ಬಲಬದಿಯ ಬೇರಿಂಗ್. ಬ್ರೇಕ್ ತುಳಿದಾಗ ಮಾತ್ರ ಕರ್ಕಶವೆನಿಸಿದರೆ ಡಿಫರೆನ್ಷಿಯಲ್ಲಿಗೆ ಕೈಹಚ್ಚುವ ಮೊದಲು ಡ್ರಮ್ ಬಿಚ್ಚಬೇಕು. ಲೈನರ್ ಸವೆದು ಲೋಹಕ್ಕೆ ಲೋಹ ಉಜ್ಜುತ್ತಿರಬಹುದು. ಆಮೇಲೆ ಮುಂಗಾಲಿಗೆ ಕಲ್ಲು ಕೊಟ್ಟು, ಹಿಂಭಾಗವನ್ನು ಜಾಕಿನಿಂದ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ, ಗಾಲಿಯನ್ನು ಕೈಯಿಂದ ತಿರುಗಿಸಿ ನೋಡುವುದು. ಕೊನೆಗೆ ಎಣ್ಣೆ ಇಳಿಸುವುದು. ಅದರಲ್ಲಿ ಕಬ್ಬಿಣದ ಚೂರು ಮಿನುಗಿದರೆ ಹೌಸಿಂಗ್ ಬಿಚ್ಚದೆ ವಿಧಿಯಿಲ್ಲ.

ಈ ಅನುಕ್ರಮ ತಪ್ಪಿದರೆ ನಷ್ಟ ಗಾಡಿಯವನದು. ದಿನದ ದುಡಿಮೆ ನಂಬಿದ ಟ್ಯಾಕ್ಸಿ ಚಾಲಕನಿಗೆ ಒಂದು ಬೇರಿಂಗಿನ ಖರ್ಚಿಗೂ ಕ್ರೌನ್-ಪಿನಿಯನ್ ಜೋಡಿಯ ಖರ್ಚಿಗೂ ಇರುವ ಅಂತರ ಸಣ್ಣದಲ್ಲ. ಸದ್ದನ್ನು ಅಲಕ್ಷಿಸಿದರೆ ಇನ್ನೂ ಕೆಟ್ಟದ್ದು: ಬೇರಿಂಗ್ ಪೂರ್ತಿ ಕೆಟ್ಟರೆ ಗಾಲಿಯೇ ಕಳಚಬಹುದು. ಕಂಪ್ಯೂಟರ್ ಸ್ಕ್ಯಾನರ್ ಬಂದ ಮೇಲೆ ಕಿವಿಯ ವಿದ್ಯೆ ಬೇಡವೆನ್ನುವವರ ಮಾತನ್ನು ನಾವು ಒಪ್ಪುವುದಿಲ್ಲ. ಅದು ಸೆನ್ಸರುಗಳ ದೋಷವನ್ನು ಓದುತ್ತದೆ, ಹಲ್ಲಿನ ಸವೆತವನ್ನಲ್ಲ.

ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಇಂದಿನ ಬಹುತೇಕ ಸಣ್ಣ ಕಾರುಗಳಲ್ಲಿ ಬಲ ಮುಂಗಾಲಿಗೇ ಹೋಗುವುದರಿಂದ ಹಿಂದೆ ಡಿಫರೆನ್ಷಿಯಲ್ಲೇ ಇಲ್ಲ. ಅಲ್ಲಿ ಗರಗರ ಎಂದರೆ ಬೇರಿಂಗ್, ಬ್ರೇಕು ಇಲ್ಲವೇ ಟೈರು. ಲಾರಿ, ಬಸ್ಸು, ಬೊಲೆರೋಗಳ ಅಡಿಯಲ್ಲಿ ಮಾತ್ರ ಆ ಗುಂಡನೆಯ ಹೌಸಿಂಗ್ ಇನ್ನೂ ತಿರುಗಣೆಯ ಹಲ್ಲುಗಳನ್ನು ಹೊತ್ತು ಸಾಗುತ್ತಿದೆ.