ಕಾಗದದ ಹೆಸರು ಮತ್ತು ಮನುಷ್ಯನ ಹಕ್ಕು: ತಾಳಿಕೋಟೆಯ ದಾಖಲೆಗಳು ಕಲಿಸುವ ಪಾಠ

ತಾಳಿಕೋಟೆಯ ಹೆಸರನ್ನು ಹೊರಜಗತ್ತು ಬಲ್ಲುದು ಒಂದು ಯುದ್ಧದಿಂದ. 1565ರ ಜನವರಿಯಲ್ಲಿ ವಿಜಯನಗರದ ಅಳಿಯ ರಾಮರಾಯನಿಗೂ ದಖ್ಖನದ ಸುಲ್ತಾನರಿಗೂ ನಡೆದ ಕಾಳಗವನ್ನು ಶಾಲೆಯ ಪುಸ್ತಕಗಳು ‘ತಾಳಿಕೋಟೆ ಯುದ್ಧ’ವೆಂದೇ ಕರೆದವು. ಆದರೆ ಇಲ್ಲಿ ಸುಲ್ತಾನರ ಸೈನ್ಯಗಳು ಬೀಡುಬಿಟ್ಟಿದ್ದವಷ್ಟೆ. ಕಾಳಗ ನಡೆದದ್ದು ದಕ್ಷಿಣಕ್ಕೆ, ಕೃಷ್ಣಾ ನದಿಯ ಕಡೆಗೆ. ಆದ್ದರಿಂದಲೇ ಅದನ್ನು ರಕ್ಕಸಗಿ-ತಂಗಡಗಿ ಯುದ್ಧವೆಂದೂ ಕರೆಯುವರು. ಪುಸ್ತಕದಲ್ಲಿ ಬರೆದ ಹೆಸರು ರಣರಂಗವನ್ನು ಡೋಣಿ ನದಿಯ ದಡಕ್ಕೆ ಎಳೆದು ತರಲಿಲ್ಲ. ಹೆಸರು ಗುರುತಿಗಾಗಿ ಇರುವುದು. ವಾಸ್ತವವನ್ನು ಸೃಷ್ಟಿಸುವ ಶಕ್ತಿ ಅದಕ್ಕಿಲ್ಲ.

ಈ ಸರಳ ಸತ್ಯವನ್ನು ನಮ್ಮ ಕುಟುಂಬಗಳು ಸರಕಾರಿ ಕಾಗದಗಳ ವಿಷಯದಲ್ಲಿ ಮರೆತಿವೆ. ಒಂದೆಡೆ, ಒಂದು ಅಕ್ಷರ ತಪ್ಪಿದರೆ ಹಕ್ಕೆಲ್ಲವೂ ಹೋಯಿತೆಂಬ ಭಯ. ಇನ್ನೊಂದೆಡೆ, ಕಾಗದದಲ್ಲಿ ಹೆಸರು ಬಂದರೆ ಪರರ ಪಾಲೂ ತನ್ನದಾಯಿತೆಂಬ ಭ್ರಮೆ. ಎರಡೂ ತಪ್ಪು. ಮೊದಲನೆಯದು ದುರ್ಬಲರನ್ನು ಹೆದರಿಸುತ್ತದೆ, ಎರಡನೆಯದು ಬಲಶಾಲಿಗಳನ್ನು ಅನ್ಯಾಯಕ್ಕೆ ಒಯ್ಯುತ್ತದೆ.

ಅಕ್ಷರಭೇದಗಳು ಏಕೆ ಹುಟ್ಟಿದವೆಂಬುದನ್ನು ಮೊದಲು ಅರಿಯೋಣ. ಈ ನೆಲವು 1686ರವರೆಗೆ ಆದಿಲಶಾಹಿಗಳ ಆಡಳಿತದಲ್ಲಿತ್ತು. ಬಳಿಕ ಮೊಗಲರು, ಮರಾಠರು, ಅನಂತರ ಬ್ರಿಟಿಷರು ಬಂದರು. 1956ರ ನವೆಂಬರ್ 1ರಂದು ಬಿಜಾಪುರ ಜಿಲ್ಲೆಯು ಮುಂಬಯಿಯಿಂದ ಮೈಸೂರು ರಾಜ್ಯಕ್ಕೆ ಸೇರಿತು. 1973ರಲ್ಲಿ ಆ ರಾಜ್ಯ ಕರ್ನಾಟಕವಾಯಿತು. 2014ರ ನವೆಂಬರ್ 1ರಂದು ಬಿಜಾಪುರವು ವಿಜಯಪುರವಾಯಿತು. ಮುದ್ದೇಬಿಹಾಳ ತಾಲೂಕಿನಲ್ಲಿದ್ದ ತಾಳಿಕೋಟೆ ಇಂದು ತಾನೇ ತಾಲೂಕು ಕೇಂದ್ರ. ಈ ಅವಧಿಯಲ್ಲಿ ದಾಖಲೆಗಳು ಪಾರಸಿಯಲ್ಲಿ, ಮೋಡಿ ಲಿಪಿಯ ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಬರೆಯಲ್ಪಟ್ಟವು. ಒಬ್ಬನೇ ಹುಸೇನಸಾಬನು ಒಂದು ಕಡೆ ‘ಹುಸೇನ’, ಇನ್ನೊಂದು ಕಡೆ ‘ಹುಸೇನಸಾಹೇಬ’, ಮತ್ತೊಂದು ಕಡೆ ‘ಮಹಮ್ಮದ ಹುಸೇನ’ನಾದುದರಲ್ಲಿ ಆಶ್ಚರ್ಯವೇನು? ಮುಂಬಯಿ ಕಾಲದ ಕಾಗದಗಳಲ್ಲಿ ಕಾಣುವ ‘ವಲದ’ ಎಂಬುದು ಹೆಸರಿನ ಭಾಗವಲ್ಲ. ‘ಮಗ’ ಎಂಬರ್ಥದ ಅರಬ್ಬಿ ಪದ. ಹಳೆಯ ಪ್ರಮಾಣಪತ್ರದಲ್ಲಿ ‘ಬಿಜಾಪುರ’ ಎಂದಿದ್ದ ಮಾತ್ರಕ್ಕೆ ಅದು ಅಸಿಂಧುವಾಗುವುದೂ ಇಲ್ಲ.

ಪಶ್ಚಿಮ ದೇಶಗಳಲ್ಲಿ ಇದಕ್ಕಿಂತ ವಿಚಿತ್ರವಾದ ನಂಬಿಕೆಯೊಂದಿದೆ. ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಅಚ್ಚಾದ ಹೆಸರು ತನ್ನದಲ್ಲ, ಸರಕಾರ ಸೃಷ್ಟಿಸಿದ ಬೇರೊಬ್ಬ ಕಾಲ್ಪನಿಕ ವ್ಯಕ್ತಿಯದು. ಆದ್ದರಿಂದ ತೆರಿಗೆ, ಸಾಲ, ಕಾನೂನು ತನಗೆ ಅನ್ವಯಿಸವೆಂದು ವಾದಿಸುವವರು ಅಲ್ಲಿದ್ದಾರೆ. 2012ರಲ್ಲಿ ಕೆನಡಾದ ನ್ಯಾಯಾಲಯವೊಂದು ಇಂತಹ ವಾದಗಳನ್ನು ಸವಿಸ್ತಾರವಾಗಿ ಪರಿಶೀಲಿಸಿ ತಳ್ಳಿಹಾಕಿತು. ಕನ್ನಡದಲ್ಲಾಗಲಿ ಅರಬ್ಬಿಯಲ್ಲಾಗಲಿ ದೊಡ್ಡ ಅಕ್ಷರ, ಚಿಕ್ಕ ಅಕ್ಷರವೆಂಬ ಭೇದವೇ ಇಲ್ಲ. ಲಿಪಿ ಬದಲಾದರೆ ಮನುಷ್ಯನ ಹೊಣೆ ಬದಲಾಗುವುದೆ?

ಹಿಜರಿ ಆರನೆಯ ವರ್ಷ, ಅಂದರೆ ಕ್ರಿ.ಶ. 628ರಲ್ಲಿ ಹುದೈಬಿಯಾದಲ್ಲಿ ನಡೆದುದನ್ನು ನೆನೆಯಿರಿ. ಒಪ್ಪಂದಪತ್ರದಲ್ಲಿ ‘ಅಲ್ಲಾಹನ ಸಂದೇಶವಾಹಕ’ ಎಂಬ ಬರಹಕ್ಕೆ ಕುರೈಶರ ಪ್ರತಿನಿಧಿ ಸುಹೈಲ್ ಬಿನ್ ಅಮ್ರ್ ಆಕ್ಷೇಪವೆತ್ತಿದನು. ಲಿಪಿಕಾರರಾಗಿದ್ದ ಹಜ್ರತ್ ಅಲಿ(ರ)ರವರಿಗೆ ಅದನ್ನು ಅಳಿಸಲು ಮನಸ್ಸು ಬರಲಿಲ್ಲ. ಪ್ರವಾದಿವರ್ಯರು(ಸ) ಅದನ್ನು ಅಳಿಸಿ, ‘ಮುಹಮ್ಮದ್ ಬಿನ್ ಅಬ್ದುಲ್ಲಾಹ್’ ಎಂದೇ ಬರೆಯಿಸಲು ಒಪ್ಪಿದರು. ಕಾಗದದಿಂದ ಪದವಿಯ ಉಲ್ಲೇಖ ಹೋಯಿತು, ಪದವಿ ಹೋಗಲಿಲ್ಲ. ಅಷ್ಟೇ ಮುಖ್ಯವಾದ ಇನ್ನೊಂದು ಮಾತಿದೆ: ಬರೆದ ಒಪ್ಪಂದಕ್ಕೆ ಅವರು ನಿಷ್ಠರಾಗಿ ಉಳಿದರು. ಪದವಿಯನ್ನು ಕಾಗದ ನಿರ್ಧರಿಸದು ಎಂದಮಾತ್ರಕ್ಕೆ ಅವರು ಕಾಗದವನ್ನು ತುಚ್ಛವಾಗಿ ಕಾಣಲಿಲ್ಲ.

ಇನ್ನು ಅಡ್ಡಹೆಸರುಗಳ ವಿಚಾರ. ನಮ್ಮ ಕಡೆಯ ಮುಲ್ಲಾ, ಖಾಜಿ, ಇನಾಮದಾರ, ಪಾಟೀಲ, ಅತ್ತಾರ, ನದಾಫ, ಬಾಗವಾನ, ಮಣಿಯಾರ ಮೊದಲಾದ ಅಡ್ಡಹೆಸರುಗಳು ಹಿರಿಯರ ಹುದ್ದೆ-ಕಸಬುಗಳ ನೆನಪುಗಳು. ಇವು ಇಂದು ಅಧಿಕಾರ ಕೊಡುವವೆಂಬುದು ಭ್ರಮೆ. ಮುಂಬಯಿ ರಾಜ್ಯದ 1952ರ ಕಾಯ್ದೆಯು ಖಾಸಗಿ ಇನಾಮುಗಳನ್ನು ರದ್ದುಪಡಿಸಿತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆಯು ವಂಶಪಾರಂಪರ್ಯದ ಹುದ್ದೆಗಳಿಗೆ ಕೊನೆ ಹಾಡಿತು. 1880ರ ಖಾಜಿಗಳ ಕಾಯ್ದೆಯಂತೂ, ಅದರಡಿ ನೇಮಕಗೊಂಡ ಖಾಜಿಗೂ ನ್ಯಾಯಾಧಿಕಾರವಿಲ್ಲವೆಂದೂ ನಿಕಾಹಕ್ಕೆ ಅವನ ಹಾಜರಿ ಅನಿವಾರ್ಯವಲ್ಲವೆಂದೂ ಅಂದೇ ಹೇಳಿತ್ತು.

ಎಲ್ಲಕ್ಕಿಂತ ಘೋರವಾದ ಭ್ರಮೆ ಹೊಲದ ಉತಾರದ್ದು. ತಂದೆ ತೀರಿದ ಮೇಲೆ ಗಂಡುಮಕ್ಕಳ ಹೆಸರು ಮಾತ್ರ ವಾರಸಾದಲ್ಲಿ ಸೇರುತ್ತದೆ. ಸಹೋದರಿ ಕೇಳಿದರೆ, “ಉತಾರದಲ್ಲಿ ನಿನ್ನ ಹೆಸರೇ ಇಲ್ಲವಲ್ಲ” ಎಂಬ ಉತ್ತರ ಸಿಗುತ್ತದೆ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 133ನೆಯ ಕಲಮಿನಂತೆ ಉತಾರದ ನಮೂದು ಸತ್ಯವೆಂಬುದು ಒಂದು ಭಾವನೆ ಮಾತ್ರ. ವ್ಯತಿರಿಕ್ತವಾದುದು ರುಜುವಾತಾದರೆ ಅದು ಬೀಳುತ್ತದೆ. ಖಾತೆ ಬದಲಾವಣೆಯಿಂದ ಒಡೆತನ ಹುಟ್ಟದು ಎಂದು ಸುಪ್ರೀಂ ಕೋರ್ಟು ಮತ್ತೆ ಮತ್ತೆ ಹೇಳಿದೆ. ಶರೀಅತ್‌ನ ಪ್ರಕಾರವಂತೂ ಮಗಳ ಪಾಲು ತಂದೆಯ ಮರಣದೊಂದಿಗೇ ಅವಳದಾಗುತ್ತದೆ. ಸೂರಃ ಅನ್ನಿಸಾ ಅದನ್ನು ಗೊತ್ತುಪಡಿಸಿದೆ. ಅಲ್ಲಾಹನು ಬರೆದುದನ್ನು ತಲಾಠಿಯ ಪುಸ್ತಕದ ನೆಪದಿಂದ ಅಳಿಸಬಹುದೆ?

ಮದುವೆಯಾದ ಸ್ತ್ರೀಯು ಗಂಡನ ಅಡ್ಡಹೆಸರನ್ನು ಧರಿಸಲೇಬೇಕೆಂಬುದಕ್ಕೂ ಶರೀಅತ್‌ನಲ್ಲಿ ಆಧಾರವಿಲ್ಲ, ಭಾರತದ ಕಾನೂನಿನಲ್ಲೂ ಇಲ್ಲ. ಹಜ್ರತ್ ಆಯಿಶಾ(ರ) ಕೊನೆಯವರೆಗೂ ಅಬೂಬಕ್ಕರ್(ರ)ರವರ ಪುತ್ರಿಯೆಂದೇ ಕರೆಯಲ್ಪಟ್ಟರು. ಹಜ್ರತ್ ಝೈದ್(ರ)ರವರ ಪ್ರಸಂಗದಲ್ಲಿ ಸೂರಃ ಅಲ್ ಅಹ್ಝಾಬ್ ಕಲಿಸಿದ್ದೂ ಇದನ್ನೇ: ಸಾಕಿದವರ ಪ್ರೀತಿ ಎಷ್ಟೇ ದೊಡ್ಡದಿರಲಿ, ಜನ್ಮದಾತನ ಹೆಸರನ್ನು ಮರೆಮಾಡಬಾರದು.

ಆಧಾರ್ ಕಾರ್ಡಿನ ಕುರಿತೂ ಇಂತಹ ತಪ್ಪು ತಿಳಿವಳಿಕೆಯಿದೆ. 2016ರ ಆಧಾರ್ ಕಾಯ್ದೆಯೇ, ಅದು ಪೌರತ್ವಕ್ಕಾಗಲಿ ನಿವಾಸಕ್ಕಾಗಲಿ ಪುರಾವೆಯಲ್ಲವೆಂದು ಹೇಳುತ್ತದೆ. ಜನನದ ಮೂಲ ದಾಖಲೆ ಜನನ ನೋಂದಣಿ. 1969ರ ಕಾಯ್ದೆಯಂತೆ ಹೆಸರಿಲ್ಲದೆ ನೋಂದಾಯಿಸಿದ ಶಿಶುವಿನ ಹೆಸರನ್ನು ಅನಂತರ ಸೇರಿಸಲೂ ತಪ್ಪುಗಳನ್ನು ತಿದ್ದಿಸಲೂ ಅವಕಾಶವಿದೆ. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶ, ಮತದಾರರ ಪಟ್ಟಿ ಮೊದಲಾದವುಗಳಲ್ಲಿ ಜನ್ಮದಿನಾಂಕ ಮತ್ತು ಜನ್ಮಸ್ಥಳಕ್ಕೆ ಜನನ ಪ್ರಮಾಣಪತ್ರವೇ ಪುರಾವೆ.

ಹಾಗಾದರೆ ಕಾಗದಗಳ ಬಗ್ಗೆ ಅಲಕ್ಷ್ಯ ತಾಳಬಹುದೆ? ಖಂಡಿತ ಇಲ್ಲ. ಪವಿತ್ರ ಕುರ್‌ಆನಿನ ಅತಿ ದೀರ್ಘವಾದ ಸೂಕ್ತವೇ ಸಾಲವನ್ನು ಬರೆದಿಡಬೇಕೆಂದು, ಸಾಕ್ಷಿಗಳಿರಬೇಕೆಂದು, ಲಿಪಿಕಾರನು ನ್ಯಾಯದಿಂದ ಬರೆಯಬೇಕೆಂದು ಆದೇಶಿಸುತ್ತದೆ. ಕಾಗದ ಒಬ್ಬ ಸಾಕ್ಷಿ. ಸಾಕ್ಷಿ ಹಕ್ಕನ್ನು ಸೃಷ್ಟಿಸುವುದಿಲ್ಲ, ಹಕ್ಕನ್ನು ಕಾಯುತ್ತದೆ. ಆದ್ದರಿಂದ ಮಗು ಹುಟ್ಟಿದಾಗ ತಂದೆತಾಯಿಗಳು ಹೆಸರನ್ನು ಒಂದೇ ರೀತಿಯಲ್ಲಿ ಬರೆಯಿಸಲಿ. ಶಾಲೆಯಲ್ಲೂ ಕಾರ್ಡುಗಳಲ್ಲೂ ಅದೇ ಮುಂದುವರಿಯಲಿ. ಹಳೆಯ ಕಾಗದಗಳನ್ನು ಜೋಪಾನವಾಗಿರಿಸಿ. ಭೇದ ಕಂಡರೆ ಹೆದರದೆ, ದಲ್ಲಾಳಿಗಳ ಮಾತಿಗೆ ಮರುಳಾಗದೆ, ಸಂಬಂಧಿಸಿದ ಕಚೇರಿಯಲ್ಲಿ ತಿದ್ದಿಸಿಕೊಳ್ಳಿ. ವಾರಸಾ ಬರೆಯಿಸುವಾಗ ತಾಯಿಯ, ಅಕ್ಕತಂಗಿಯರ ಹೆಸರುಗಳನ್ನು ಮೊದಲು ಹೇಳಿ.

ಇಹದ ಪುಸ್ತಕದಲ್ಲಿ ಬಿಟ್ಟ ಹೆಸರು ಪರದ ಪುಸ್ತಕದಲ್ಲಿ ಬಿಟ್ಟುಹೋಗದು. ನಮ್ಮ ಕಾಗದಗಳು ಸತ್ಯಕ್ಕೆ ಸಾಕ್ಷಿಯಾಗುವಂತೆ ಅಲ್ಲಾಹನು ನಮಗೆ ಅನುಗ್ರಹಿಸಲಿ. ಆಮೀನ್.